ಊರಿಗೆ ಬಂತು ರಸ್ತೆ, ಹೋದದ್ದು ಯಾರ ಹೊಲ?

ಹಳ್ಳಿಗೆ ಡಾಂಬರು ರಸ್ತೆ ಬರುವುದು ಸಂತೋಷದ ಸಂಗತಿ. ಆದರೆ ಆ ರಸ್ತೆಗಾಗಿ ಬದು, ಬೇಲಿ, ತೆಂಗಿನ ಮರ, ಅಂಗಡಿ ಕಳೆದುಕೊಂಡವರಿಗೆ ಸಿಗುವುದೇನು? ಕಾನೂನು ಏನು ಹೇಳುತ್ತದೆ? ವಿದ್ಯಾರ್ಥಿಗಳೂ ಪಾಲಕರೂ ಕೂಡಿ ಓದಬೇಕಾದ ವಿಷಯವಿದು.

ಮಳೆಗಾಲ ಬಂತೆಂದರೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕೆಸರು ತುಳಿದು ಶಾಲೆಗೆ ಹೋಗುವ ಕಷ್ಟ ಹಳ್ಳಿಯ ಮಕ್ಕಳಿಗೆ ಹೊಸದಲ್ಲ. ಹಳ್ಳ ತುಂಬಿದರೆ ಆ ದಿನ ಶಾಲೆ ಇಲ್ಲ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಎತ್ತಿನ ಗಾಡಿಯಲ್ಲೋ ಕಂಬಳಿ ಜೋಲಿಯಲ್ಲೋ ಮುಖ್ಯರಸ್ತೆಯವರೆಗೆ ಹೊತ್ತು ತಂದ ಕತೆ ಪ್ರತಿ ಊರಿನಲ್ಲೂ ಇದೆ. ಹೀಗಿರುವಾಗ ಊರಿಗೆ ಪಕ್ಕಾ ರಸ್ತೆ ಮಂಜೂರಾಗಿದೆ ಎಂಬ ಸುದ್ದಿ ಬಂದರೆ ಯಾರಿಗೆ ತಾನೇ ಖುಷಿಯಾಗದು?

ರಸ್ತೆ ಮುಗಿದ ಮೇಲೆ ಅದರ ಆರಂಭದಲ್ಲಿ ಒಂದು ಫಲಕ ನಿಲ್ಲಿಸುತ್ತಾರೆ. ಯೋಜನೆಯ ಹೆಸರು, ರಸ್ತೆಯ ಉದ್ದ, ಖರ್ಚಾದ ಹಣ, ಗುತ್ತಿಗೆದಾರರ ಹೆಸರು ಎಲ್ಲವೂ ಅದರಲ್ಲಿ ಇರುತ್ತವೆ. ಇರದ ಸಂಗತಿ ಒಂದೇ. ಈ ರಸ್ತೆಗೆ ಯಾರ ಯಾರ ಜಮೀನು ಎಷ್ಟೆಷ್ಟು ಹೋಯಿತು ಎಂಬುದು. ರಸ್ತೆಯ ಲಾಭ ಊರಿಗೆಲ್ಲ ಹಂಚಿಹೋಗುತ್ತದೆ, ನಷ್ಟ ಮಾತ್ರ ಅಂಚಿನಲ್ಲಿರುವ ಕೆಲವೇ ಕುಟುಂಬಗಳ ಮೇಲೆ ಬೀಳುತ್ತದೆ. ಅಣೆಕಟ್ಟಿನಿಂದ ಮುಳುಗಡೆಯಾದವರ ಬಗ್ಗೆ ನಾವು ಬಹಳ ಕೇಳಿದ್ದೇವೆ. ಹಳ್ಳಿ ರಸ್ತೆಯಿಂದ ಬಾಧಿತರಾದವರ ಬಗ್ಗೆ ಕೇಳಿದ್ದು ಕಡಿಮೆ. ಏಕೆಂದರೆ ಇಲ್ಲಿ ಊರಿಗೆ ಊರೇ ಎದ್ದು ಹೋಗುವುದಿಲ್ಲ. ಒಬ್ಬರ ಎರಡು ಗುಂಟೆ, ಇನ್ನೊಬ್ಬರ ಕೊಟ್ಟಿಗೆ, ಮತ್ತೊಬ್ಬರ ಚಹಾದಂಗಡಿ ಹೀಗೆ ಚೂರುಚೂರಾಗಿ ಹೋಗುತ್ತವೆ.

ಲೆಕ್ಕ ಹಾಕಿ ನೋಡೋಣ

ಈ ಚೂರು ಎಷ್ಟು ದೊಡ್ಡದು ಎಂಬುದನ್ನು ಹೈಸ್ಕೂಲಿನ ಗಣಿತದಿಂದಲೇ ತಿಳಿಯಬಹುದು.

ಗ್ರಾಮೀಣ ರಸ್ತೆಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ ನಿಗದಿ ಮಾಡಿರುವ ಅಳತೆಯ ಪ್ರಕಾರ ಬಯಲು ಸೀಮೆಯಲ್ಲಿ ಡಾಂಬರಿನ ಭಾಗ ಸಾಮಾನ್ಯವಾಗಿ 3.75 ಮೀಟರ್ ಇರುತ್ತದೆ. ಎರಡೂ ಬದಿಯ ಮಣ್ಣಿನ ಭಾಗ ಸೇರಿಸಿದರೆ ರಸ್ತೆಯ ಅಗಲ 7.5 ಮೀಟರ್ ಆಗುತ್ತದೆ. ವಾಹನ ಓಡಾಟ ತೀರಾ ಕಡಿಮೆ ಇರುವಲ್ಲಿ ಡಾಂಬರನ್ನು 3 ಮೀಟರಿಗೂ ಒಟ್ಟು ಅಗಲವನ್ನು 6 ಮೀಟರಿಗೂ ಇಳಿಸಲು ಅವಕಾಶವಿದೆ.

ಊರಿನಲ್ಲಿ ಈಗಾಗಲೇ 4 ಮೀಟರ್ ಅಗಲದ ಬಂಡಿದಾರಿ ಇದೆ ಎಂದುಕೊಳ್ಳಿ. ಅದನ್ನು 7.5 ಮೀಟರ್ ಮಾಡಬೇಕಾದರೆ ಇನ್ನೂ 3.5 ಮೀಟರ್ ಜಾಗ ಬೇಕು. ಒಂದು ಕಿಲೋಮೀಟರಿಗೆ ಅದು 3,500 ಚದರ ಮೀಟರ್. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಅಂದರೆ ಪ್ರತಿ ಕಿಲೋಮೀಟರಿಗೆ ಸುಮಾರು 35 ಗುಂಟೆ, ಹೆಚ್ಚುಕಡಿಮೆ ಒಂದು ಎಕರೆ ಜಮೀನು ರಸ್ತೆಗೆ ಸೇರುತ್ತದೆ.

ಈಗ ರಸ್ತೆಯ ಒಂದೇ ಬದಿಯಲ್ಲಿ ಅಗಲ ಮಾಡಿದರು, ದಾರಿಯುದ್ದಕ್ಕೆ 100 ಮೀಟರ್ ಅಂಚು ಇರುವ ರೈತನೊಬ್ಬನ ಹೊಲ ಅಲ್ಲಿದೆ ಎಂದು ಭಾವಿಸಿ. ಅವನಿಗೆ ಹೋಗುವುದು ಸುಮಾರು ಮೂರೂವರೆ ಗುಂಟೆ. ನಾಲ್ಕು ಎಕರೆ ಇದ್ದವನಿಗೆ ಇದು ಶೇ 2ರ ಆಸುಪಾಸು. ಅರ್ಧ ಎಕರೆ, ಅಂದರೆ 20 ಗುಂಟೆ ಮಾತ್ರ ಇದ್ದವನಿಗೆ ಶೇ 17ಕ್ಕೂ ಹೆಚ್ಚು. ನೆಲದ ಪಟ್ಟಿ ಒಂದೇ ಅಳತೆಯದು, ಆದರೆ ಒಬ್ಬನಿಗೆ ಅದು ಬದುವಿನ ಅಂಚು, ಇನ್ನೊಬ್ಬನಿಗೆ ಎರಡು ತಿಂಗಳ ಊಟ. ಪರಿಹಾರದ ಪ್ರಶ್ನೆ ಹುಟ್ಟುವುದೇ ಇಲ್ಲಿ.

ದಾನದ ನೆಲದ ಮೇಲೆ ರಸ್ತೆ

ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದದ್ದು 2000ದ ಡಿಸೆಂಬರ್ 25ರಂದು. ಬಯಲು ಪ್ರದೇಶದಲ್ಲಿ 500 ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ, ಗುಡ್ಡಗಾಡು, ಮರುಭೂಮಿ ಹಾಗೂ ಆದಿವಾಸಿ ಪ್ರದೇಶಗಳಲ್ಲಿ 250 ಮತ್ತು ಹೆಚ್ಚು ಜನಸಂಖ್ಯೆಯ ರಸ್ತೆಯಿಲ್ಲದ ಜನವಸತಿಗಳಿಗೆ ಸರ್ವಋತು ರಸ್ತೆ ಕೊಡುವುದು ಅದರ ಮೊದಲ ಗುರಿಯಾಗಿತ್ತು. 2013ರಲ್ಲಿ ಎರಡನೇ ಹಂತ ಬಂತು. 2019ರ ಮೂರನೇ ಹಂತದಲ್ಲಿ 1,25,000 ಕಿಲೋಮೀಟರ್ ರಸ್ತೆಗಳನ್ನು ಮೇಲ್ದರ್ಜೆಗೆ ಏರಿಸಿ, ಹಳ್ಳಿಗಳನ್ನು ಕೃಷಿ ಮಾರುಕಟ್ಟೆ, ಹೈಯರ್ ಸೆಕೆಂಡರಿ ಶಾಲೆ ಮತ್ತು ಆಸ್ಪತ್ರೆಗಳಿಗೆ ಜೋಡಿಸುವ ಉದ್ದೇಶ ಇರಿಸಿಕೊಳ್ಳಲಾಯಿತು. 2024ರ ಸೆಪ್ಟೆಂಬರಿನಲ್ಲಿ ನಾಲ್ಕನೇ ಹಂತಕ್ಕೂ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. 25,000 ಜನವಸತಿಗಳಿಗೆ 62,500 ಕಿಲೋಮೀಟರ್ ರಸ್ತೆ ಇದರ ಗುರಿ. ಕರ್ನಾಟಕದಲ್ಲಿ ಈ ಕೆಲಸ ನೋಡಿಕೊಳ್ಳುವುದು ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆ.

ಇಷ್ಟು ದೊಡ್ಡ ಯೋಜನೆಯ ಮಾರ್ಗಸೂಚಿಯಲ್ಲಿ ಜಮೀನಿನ ಬಗ್ಗೆ ಒಂದು ಮುಖ್ಯ ಮಾತಿದೆ. ರಸ್ತೆಗೆ ಬೇಕಾದ ಜಾಗ ಒದಗಿಸುವುದು ರಾಜ್ಯ ಸರ್ಕಾರ ಮತ್ತು ಜಿಲ್ಲಾ ಪಂಚಾಯಿತಿಯ ಹೊಣೆ. ಯೋಜನೆಯ ಹಣದಲ್ಲಿ ಭೂಸ್ವಾಧೀನಕ್ಕೆ ಅವಕಾಶವಿಲ್ಲ. ಜಾಗ ಲಭ್ಯವಿದೆ ಎಂಬ ದೃಢೀಕರಣವನ್ನು ಪ್ರಸ್ತಾವದ ಜೊತೆಗೇ ಕೊಡಬೇಕು. ಸ್ವಯಂಪ್ರೇರಿತ ದಾನ, ಬದಲಿ ಜಮೀನು ಮುಂತಾದ ವಿಧಾನಗಳಿಗೆ ರಾಜ್ಯ ಸರ್ಕಾರ ನಿಯಮ ರೂಪಿಸಿಕೊಳ್ಳಬಹುದು. ಬೇಕಿದ್ದರೆ ರಾಜ್ಯವೇ ತನ್ನ ಹಣದಿಂದ ಭೂಸ್ವಾಧೀನ ಮಾಡಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಜಾಗ ಪಡೆಯುವ ಕ್ರಮ ಸಾರ್ವಜನಿಕ ಹಿತಕ್ಕೆ ಪೂರಕವಾಗಿಯೂ ನ್ಯಾಯಸಮ್ಮತವಾಗಿಯೂ ಇರಬೇಕು ಎಂದೂ ಮಾರ್ಗಸೂಚಿ ಹೇಳುತ್ತದೆ.

ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ಆದರೆ ಹಣವಿಲ್ಲದ ಕಡೆ ಜಾಗ ಬೇಕೆಂದರೆ ಉಳಿಯುವ ಸುಲಭ ದಾರಿ ಎಂದರೆ ದಾನ. ಊರಿನ ಹಿರಿಯರೆಲ್ಲ ಸೇರಿ, ‘ಎಲ್ಲರೂ ಕೊಡುತ್ತಿದ್ದಾರೆ, ನೀನೊಬ್ಬ ಬೇಡವೆಂದರೆ ರಸ್ತೆ ಬೇರೆ ಊರಿಗೆ ಹೋಗುತ್ತದೆ ನೋಡಪ್ಪ’ ಎಂದರೆ ಬಡ ರೈತ ಏನು ಹೇಳಬಲ್ಲ? ಅಂಥ ಒಪ್ಪಿಗೆಯನ್ನು ಸ್ವಯಂಪ್ರೇರಿತ ಎಂದು ಕರೆಯುವುದು ಕಷ್ಟ.

ಈ ತೊಡಕನ್ನು ಅರಿತೇ ಮಾರ್ಗಸೂಚಿಯಲ್ಲಿ ಒಂದು ಒಳ್ಳೆಯ ಕ್ರಮ ಸೇರಿಸಲಾಗಿದೆ. ಅದೇ ‘ಟ್ರಾನ್ಸೆಕ್ಟ್ ವಾಕ್’. ರಸ್ತೆಯ ನಕ್ಷೆ ಅಂತಿಮವಾಗುವ ಮುನ್ನ ಎಂಜಿನಿಯರ್, ಪಂಚಾಯಿತಿ ಅಧ್ಯಕ್ಷರು, ಕಂದಾಯ ಇಲಾಖೆಯ ಗ್ರಾಮಮಟ್ಟದ ಸಿಬ್ಬಂದಿ, ಅರಣ್ಯವಿದ್ದಲ್ಲಿ ಅರಣ್ಯ ಸಿಬ್ಬಂದಿ ಮತ್ತು ಊರವರು ಕೂಡಿ ರಸ್ತೆ ಹಾದುಹೋಗುವ ದಾರಿಯನ್ನು ನಡೆದೇ ನೋಡಬೇಕು. ಪಂಚಾಯಿತಿಯ ಮಹಿಳಾ ಸದಸ್ಯರಿಗೂ ಸ್ವಸಹಾಯ ಸಂಘದವರಿಗೂ ಇದರಲ್ಲಿ ಸ್ಥಾನವಿದೆ. ಎಲ್ಲಿ ಯಾರ ಜಾಗ ಬೇಕಾಗುತ್ತದೆ, ಎಲ್ಲಿ ಮರ ಉಳಿಸಬಹುದು, ಎಲ್ಲಿ ತಿರುವು ಕೊಟ್ಟರೆ ಮನೆ ಉಳಿಯುತ್ತದೆ ಎಂಬುದನ್ನು ಸ್ಥಳದಲ್ಲಿಯೇ ಚರ್ಚಿಸಿ, ಫೋಟೊ ತೆಗೆದು, ಕೇಳಿಬಂದ ಆಕ್ಷೇಪಣೆ ಮತ್ತು ತೆಗೆದುಕೊಂಡ ಕ್ರಮವನ್ನು ಗ್ರಾಮ ಪಂಚಾಯಿತಿಯಲ್ಲಿ ದಾಖಲಿಸಬೇಕು. ಅದರ ಪ್ರತಿ ಯೋಜನಾ ವರದಿಗೆ ಲಗತ್ತಾಗಬೇಕು.

ಹೆಚ್ಚಿನ ಕಡೆ ಜಗಳ ತಪ್ಪಿಸಬಹುದಾದ ಘಳಿಗೆ ಇದೇ. ಗುದ್ದಲಿ ಪೂಜೆ ಆದ ಮೇಲೆ ಜೆಸಿಬಿಯ ಮುಂದೆ ನಿಂತು ಕೂಗಾಡುವುದಕ್ಕಿಂತ ನಡಿಗೆಯ ದಿನ ಸ್ಥಳದಲ್ಲಿದ್ದು ಮಾತನಾಡುವುದು ನೂರು ಪಾಲು ಮೇಲು. ಆ ದಿನ ಯಾವುದು ಎಂದು ಪಂಚಾಯಿತಿಯಲ್ಲಿ ಕೇಳಿ ತಿಳಿಯುವ ಹಕ್ಕು ಪ್ರತಿಯೊಬ್ಬ ಗ್ರಾಮಸ್ಥನಿಗೂ ಇದೆ.

ದಾನ ನಿಜವಾದ ದಾನವೇ?

ವಿದೇಶಿ ಸಾಲದ ನೆರವಿನಿಂದ ಗ್ರಾಮೀಣ ರಸ್ತೆಗಳು ಆದಾಗ ಈ ವಿಷಯ ಇನ್ನಷ್ಟು ಬಿಗಿಯಾಯಿತು. 2003ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಮಧ್ಯಪ್ರದೇಶ, ಛತ್ತೀಸಗಡದ ರಸ್ತೆಗಳಿಗೆ ಸಾಲ ಕೊಟ್ಟಿತು. 2004ರಲ್ಲಿ ವಿಶ್ವಬ್ಯಾಂಕ್ ಹಿಮಾಚಲ ಪ್ರದೇಶ, ಜಾರ್ಖಂಡ್, ರಾಜಸ್ಥಾನ, ಉತ್ತರಪ್ರದೇಶಗಳ ರಸ್ತೆಗಳಿಗೆ ನೆರವಾಯಿತು. ಯೋಜನೆಯಿಂದ ಯಾರೂ ಮೊದಲಿಗಿಂತ ಬಡವರಾಗಬಾರದು ಎಂಬುದು ಈ ಬ್ಯಾಂಕುಗಳ ಪುನರ್ವಸತಿ ನೀತಿಯ ತಿರುಳು. 2018ರಿಂದ ಜಾರಿಯಲ್ಲಿರುವ ವಿಶ್ವಬ್ಯಾಂಕಿನ ನಿಯಮದ ಪ್ರಕಾರ ಜಮೀನು ದಾನವನ್ನು ಒಪ್ಪಬೇಕಾದರೆ ಕೆಲವು ಷರತ್ತುಗಳು ಪೂರೈಕೆಯಾಗಬೇಕು. ಅವನ್ನು ಪ್ರಶ್ನೆಗಳ ರೂಪದಲ್ಲಿ ಹೀಗೆ ಇಡಬಹುದು:

1. ಯೋಜನೆ ಏನು, ತನಗೆ ಯಾವ ಆಯ್ಕೆಗಳಿವೆ ಎಂಬುದು ದಾನ ಕೊಡುವವರಿಗೆ ತಿಳಿದಿದೆಯೆ?
2. ಬೇಡ ಎನ್ನುವ ಸ್ವಾತಂತ್ರ್ಯ ಅವರಿಗೆ ನಿಜವಾಗಿಯೂ ಇದೆಯೆ?
3. ಹೋಗುವ ಜಾಗ ಅಲ್ಪವೆ? ಉಳಿದ ಜಮೀನಿನಲ್ಲಿ ಈಗಿನಂತೆಯೇ ಬದುಕು ಸಾಗುತ್ತದೆಯೆ?
4. ಯಾವ ಕುಟುಂಬವೂ ಮನೆ ಬಿಟ್ಟು ಏಳಬೇಕಾಗಿ ಬರುವುದಿಲ್ಲವೆ?
5. ದಾನ ಕೊಟ್ಟವರಿಗೂ ಈ ರಸ್ತೆಯಿಂದ ನೇರ ಪ್ರಯೋಜನ ಇದೆಯೆ?
6. ಒಪ್ಪಿಗೆ ಲಿಖಿತವಾಗಿ ದಾಖಲಾಗಿದೆಯೆ?

ಯಾವುದಾದರೂ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಅದು ದಾನವಲ್ಲ. ಆಗ ಪರಿಹಾರ ಕೊಡಬೇಕು, ಇಲ್ಲವೇ ರಸ್ತೆಯ ದಾರಿ ಬದಲಿಸಬೇಕು. ಈ ನಿಯಮ ಬ್ಯಾಂಕಿನ ಸಾಲವಿರುವ ಯೋಜನೆಗಳಿಗೆ ಅನ್ವಯಿಸುವಂಥದ್ದು ನಿಜ. ಆದರೆ ಯಾವುದೇ ಗ್ರಾಮಸಭೆ ಇವೇ ಆರು ಪ್ರಶ್ನೆಗಳನ್ನು ಕೇಳಿಕೊಂಡರೆ ಯಾರಿಗೂ ನಷ್ಟವಿಲ್ಲ.

ನಮ್ಮ ದೇಶದ ಕಾನೂನಿನ ದೃಷ್ಟಿಯಿಂದಲೂ ಒಂದು ಎಚ್ಚರಿಕೆ ಅಗತ್ಯ. 1882ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ ಸ್ಥಿರಾಸ್ತಿಯನ್ನು ದಾನ ಮಾಡಲು ಸಾಕ್ಷಿಗಳ ಸಹಿ ಇರುವ ನೋಂದಾಯಿತ ದಾನಪತ್ರ ಬೇಕು. ಬಿಳಿ ಹಾಳೆಯ ಮೇಲೆ ಹಾಕಿಸಿಕೊಂಡ ಹೆಬ್ಬೆಟ್ಟು ದಾನಪತ್ರ ಆಗಲಾರದು. ಜಮೀನು ಪಿತ್ರಾರ್ಜಿತವಾಗಿದ್ದರೆ ಅಪ್ಪ ಒಬ್ಬರ ಸಹಿ ಸಾಲದು. ಕರ್ನಾಟಕದಲ್ಲಿ 1994ರ ತಿದ್ದುಪಡಿಯೂ, ದೇಶದಾದ್ಯಂತ 2005ರ ತಿದ್ದುಪಡಿಯೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ನೀಡಿವೆ. ಮದುವೆಯಾಗಿ ಹೋದ ಅಕ್ಕತಂಗಿಯರನ್ನೂ ಕೇಳದೆ ಹೊಲದ ಅಂಚನ್ನು ಬರೆದುಕೊಟ್ಟರೆ ಮುಂದೆ ಮನೆಯೊಳಗೇ ವ್ಯಾಜ್ಯ ಹುಟ್ಟುತ್ತದೆ.

ಸರ್ಕಾರ ಕಾಯಿದೆ ಪ್ರಕಾರ ತೆಗೆದುಕೊಂಡರೆ

ದಾನಕ್ಕೆ ಒಪ್ಪದಿದ್ದರೆ ಸರ್ಕಾರ ಭೂಸ್ವಾಧೀನ ಮಾಡಬೇಕಾಗುತ್ತದೆ. ಬ್ರಿಟಿಷರ ಕಾಲದ 1894ರ ಭೂಸ್ವಾಧೀನ ಕಾಯಿದೆ ನಮ್ಮಲ್ಲಿ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಅದರ ಬದಲಿಗೆ ಸಂಸತ್ತು 2013ರಲ್ಲಿ ಮಾಡಿದ ನ್ಯಾಯಯುತ ಪರಿಹಾರ ಮತ್ತು ಪುನರ್ವಸತಿಯ ಕಾಯಿದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಹಳೆಯ ಕಾಯಿದೆ ಜಮೀನಿನ ಬೆಲೆಯ ಬಗ್ಗೆ ಮಾತ್ರ ಮಾತಾಡುತ್ತಿತ್ತು. ಹೊಸದು ಜಮೀನಿನ ಮೇಲೆ ಬದುಕಿದವರ ಬಗ್ಗೆಯೂ ಮಾತಾಡುತ್ತದೆ.

ಪರಿಹಾರ ಲೆಕ್ಕ ಹಾಕುವ ಕ್ರಮ ಹೀಗಿದೆ. ಮೊದಲು ಮಾರುಕಟ್ಟೆ ಮೌಲ್ಯ ಗೊತ್ತುಮಾಡುತ್ತಾರೆ. ನೋಂದಣಿಗೆ ನಿಗದಿಯಾದ ಮಾರ್ಗಸೂಚಿ ದರ, ಆಸುಪಾಸಿನ ಅಂಥದೇ ಜಮೀನುಗಳ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟರ ಸರಾಸರಿ ಇವುಗಳಲ್ಲಿ ಯಾವುದು ಹೆಚ್ಚೋ ಅದು. ಗ್ರಾಮೀಣ ಪ್ರದೇಶದಲ್ಲಿ ಅದನ್ನು 1ರಿಂದ 2ರವರೆಗಿನ ಅಂಶದಿಂದ ಗುಣಿಸಬೇಕು. ಪಟ್ಟಣದಿಂದ ಇರುವ ದೂರವನ್ನು ನೋಡಿ ರಾಜ್ಯ ಸರ್ಕಾರ ಈ ಅಂಶವನ್ನು ನಿಗದಿ ಮಾಡುತ್ತದೆ. ಆಮೇಲೆ ಮರ, ಬಾವಿ, ಕಟ್ಟಡಗಳ ಬೆಲೆ ಸೇರಿಸಬೇಕು. ಆ ಒಟ್ಟು ಮೊತ್ತದಷ್ಟೇ ಇನ್ನೊಂದು ಮೊತ್ತವನ್ನು, ಅಂದರೆ ಶೇ 100ರಷ್ಟನ್ನು ಸಾಂತ್ವನ ಧನವಾಗಿ ಕೊಡಬೇಕು. ಇದಲ್ಲದೆ ಅಧಿಸೂಚನೆಯಿಂದ ಐತೀರ್ಪು ಇಲ್ಲವೆ ಸ್ವಾಧೀನ, ಯಾವುದು ಮೊದಲೋ ಅಲ್ಲಿಯವರೆಗೆ ಮಾರುಕಟ್ಟೆ ಮೌಲ್ಯದ ಮೇಲೆ ವರ್ಷಕ್ಕೆ ಶೇ 12ರಂತೆ ಸೇರಬೇಕು.

ಒಂದು ಕಾಲ್ಪನಿಕ ಉದಾಹರಣೆ. ಎಕರೆಗೆ 8 ಲಕ್ಷ ರೂಪಾಯಿ ಮೌಲ್ಯವೆಂದರೆ ಗುಂಟೆಗೆ 20,000 ಆಯಿತು. ಮೂರೂವರೆ ಗುಂಟೆಗೆ 70,000. ಗುಣಿಸುವ ಅಂಶ 2 ಆದರೆ 1,40,000. ಮರಗಳ ಬೆಲೆ 20,000 ಸೇರಿದರೆ 1,60,000. ಸಾಂತ್ವನ ಧನ ಇನ್ನೂ 1,60,000. ಅಲ್ಲಿಗೆ 3,20,000. ಒಂದು ವರ್ಷಕ್ಕೆ ಶೇ 12ರಂತೆ 70,000ದ ಮೇಲೆ 8,400. ಒಟ್ಟು 3,28,400 ರೂಪಾಯಿ. ಗುಣಿಸುವ ಅಂಶ 1 ಇದ್ದರೆ ಅದೇ ಜಮೀನಿಗೆ 1,88,400 ಮಾತ್ರ. ಆ ಒಂದು ಅಂಕಿ ಎಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ. ಬಿಳಿ ಹಾಳೆಯ ದಾನದಲ್ಲಿ ಇದೇ ರೈತನಿಗೆ ಸಿಗುವುದು ಸೊನ್ನೆ.

ಇನ್ನೊಂದು ಸೂಕ್ಷ್ಮವೂ ಇದೆ. ನಮ್ಮ ಹಳ್ಳಿಗಳಲ್ಲಿ ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸುವ ಅಭ್ಯಾಸ ಉಂಟು. ಎಕರೆಗೆ ಹತ್ತು ಲಕ್ಷ ಕೊಟ್ಟು ನಾಲ್ಕು ಲಕ್ಷ ಎಂದು ಬರೆಸಿದರೆ, ನಾಳೆ ಪರಿಹಾರ ಲೆಕ್ಕ ಹಾಕುವಾಗ ಅಧಿಕಾರಿಯ ಕಣ್ಣಿಗೆ ಬೀಳುವುದು ಆ ನಾಲ್ಕು ಲಕ್ಷವೇ. ಅಂದು ಒಬ್ಬರು ಉಳಿಸಿದ ಶುಲ್ಕದ ನಷ್ಟವನ್ನು ಇಂದು ಊರೆಲ್ಲ ಅನುಭವಿಸಬೇಕಾಗುತ್ತದೆ.

ಪಹಣಿಯಲ್ಲಿ ಹೆಸರಿಲ್ಲದವರು

ರಸ್ತೆಯಿಂದ ಬಾಧಿತರಾದವರೆಲ್ಲ ಜಮೀನುದಾರರಲ್ಲ. ಗೇಣಿಗೆ ಉಳುವವರು, ಕೂಲಿಯವರು, ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯವರು, ರಸ್ತೆಯಂಚಿನಲ್ಲೇ ಕುಲುಮೆ ಇಟ್ಟುಕೊಂಡವರು ಇವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. 2013ರ ಕಾಯಿದೆ ‘ಬಾಧಿತ ಕುಟುಂಬ’ ಎಂಬ ಮಾತಿನ ಅರ್ಥವನ್ನು ಹಿಗ್ಗಿಸಿದೆ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷಗಳಿಂದ ಆ ಪ್ರದೇಶದಲ್ಲಿ ದುಡಿಯುತ್ತಿದ್ದು, ಮುಖ್ಯ ಜೀವನಾಧಾರ ಕಳೆದುಕೊಳ್ಳುವ ಕೃಷಿಕಾರ್ಮಿಕರು, ಗೇಣಿದಾರರು, ಪಾಲಿಗೆ ಮಾಡುವವರು, ಕುಶಲಕರ್ಮಿಗಳೂ ಇದರಲ್ಲಿ ಸೇರುತ್ತಾರೆ.

ಪುನರ್ವಸತಿಗಾಗಿ ಕಾಯಿದೆಯ ಎರಡನೇ ಅನುಸೂಚಿ ಕೆಲವು ಸೌಲಭ್ಯಗಳನ್ನು ಪಟ್ಟಿ ಮಾಡಿದೆ. ಮನೆ ಕಳೆದುಕೊಂಡವರಿಗೆ ಮನೆ. ಉದ್ಯೋಗ, ಇಲ್ಲವೆ 5 ಲಕ್ಷ ರೂಪಾಯಿ ಒಂದೇ ಗಂಟು, ಇಲ್ಲವೆ ತಿಂಗಳಿಗೆ ಕನಿಷ್ಠ 2,000ದಂತೆ 20 ವರ್ಷ ಕೊಡುವ ಪಾವತಿ, ಇವುಗಳಲ್ಲಿ ಒಂದು. ಸ್ಥಳಾಂತರಗೊಂಡವರಿಗೆ ಒಂದು ವರ್ಷ ತಿಂಗಳಿಗೆ 3,000 ಜೀವನ ಭತ್ಯೆ, ಸಾಮಾನು ಸಾಗಿಸಲು 50,000. ಕೊಟ್ಟಿಗೆ ಅಥವಾ ಸಣ್ಣ ಅಂಗಡಿಗೆ ಕನಿಷ್ಠ 25,000. ಇವು 2013ರ ಮೊತ್ತಗಳು ಎಂಬುದನ್ನು ನೆನಪಿನಲ್ಲಿಡಬೇಕು.

ಸರ್ಕಾರಿ ಜಾಗದಲ್ಲಿ ಅಂಗಡಿ ಇಟ್ಟವರ ಪ್ರಶ್ನೆ ಇನ್ನೂ ಕಠಿಣ. ‘ಒತ್ತುವರಿ’ ಎಂಬ ಒಂದೇ ಮಾತಿನಿಂದ ಅವರ ಇಪ್ಪತ್ತು ವರ್ಷದ ಬದುಕನ್ನು ಅಳಿಸಿಬಿಡಬಹುದು. ವಿಶ್ವಬ್ಯಾಂಕಿನ ನೀತಿಯಲ್ಲಿ ಇಂಥವರಿಗೆ ನೆಲದ ಬೆಲೆ ಸಿಗುವುದಿಲ್ಲ, ಆದರೆ ಕಟ್ಟಿದ ಕಟ್ಟಡದ ಬೆಲೆಯೂ ಹೊಸ ಜಾಗದಲ್ಲಿ ನೆಲೆಯೂರಲು ನೆರವೂ ಸಿಗಬೇಕು. 2001ರಲ್ಲಿ ಆ ಬ್ಯಾಂಕಿನ ಸಾಲದಿಂದ ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆ ಆರಂಭವಾದಾಗ ನಮ್ಮ ರಾಜ್ಯದ ಎಂಜಿನಿಯರುಗಳಿಗೂ ಪುನರ್ವಸತಿ ಎಂಬುದು ರಸ್ತೆ ಕಾಮಗಾರಿಯ ಭಾಗವೇ ಎಂಬ ಪರಿಚಯವಾಯಿತು.

ಮಲೆನಾಡಿನ, ಕಾಡಂಚಿನ ಹಾಡಿಗಳ ಮಾತು ಬೇರೆ. ಅಲ್ಲಿ ಜಾಗ ಅರಣ್ಯ ಇಲಾಖೆಯದು. 2006ರ ಅರಣ್ಯ ಹಕ್ಕು ಕಾಯಿದೆ ರಸ್ತೆ, ಶಾಲೆ ಮುಂತಾದ 13 ಬಗೆಯ ಸೌಲಭ್ಯಗಳಿಗೆ ಪ್ರತಿ ಪ್ರಕರಣದಲ್ಲಿ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಬಳಸಲು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದ ಷರತ್ತಿನ ಮೇಲೆ ಅವಕಾಶ ನೀಡಿದೆ. ಗ್ರಾಮಸಭೆಯ ಶಿಫಾರಸು ಇದಕ್ಕೆ ಕಡ್ಡಾಯ.

ನ್ಯಾಯಾಲಯ ಹೇಳಿದ್ದೇನು?

ಹಿಮಾಚಲ ಪ್ರದೇಶದ ಹಮೀರ್‌ಪುರ ಜಿಲ್ಲೆಯ ಒಂದು ಪ್ರಕರಣವನ್ನು ಪ್ರತಿ ವಿದ್ಯಾರ್ಥಿಯೂ ತಿಳಿದಿರಬೇಕು. 1967–68ರಲ್ಲಿ ನಾದೌನ್–ಸುಜಾನ್‌ಪುರ ರಸ್ತೆಗಾಗಿ ಓದುಬರಹ ಬಾರದ ಒಬ್ಬ ವಿಧವೆಯ ಜಮೀನನ್ನು ಸರ್ಕಾರ ತೆಗೆದುಕೊಂಡಿತು. ಅಧಿಸೂಚನೆ ಇಲ್ಲ, ನೋಟಿಸು ಇಲ್ಲ, ಪರಿಹಾರವೂ ಇಲ್ಲ. ಅಕ್ಕಪಕ್ಕದ ಜಮೀನಿನವರು ನ್ಯಾಯಾಲಯಕ್ಕೆ ಹೋಗಿ ಗೆದ್ದ ಮೇಲೆ ಆಕೆ 2010ರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಇಷ್ಟು ವರ್ಷ ನಮ್ಮ ಸ್ವಾಧೀನದಲ್ಲೇ ಇರುವುದರಿಂದ ಜಮೀನು ನಮ್ಮದೇ ಆಯಿತು ಎಂಬುದು ಸರ್ಕಾರದ ವಾದ. ಹೈಕೋರ್ಟಿನಲ್ಲಿ ಅವರಿಗೆ ಪರಿಹಾರ ಸಿಗಲಿಲ್ಲ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದಾಗ ಆಕೆಗೆ ಸುಮಾರು 80 ವರ್ಷ.

ಜನಕಲ್ಯಾಣ ರಾಜ್ಯವೊಂದು ತನ್ನದೇ ಪ್ರಜೆಯ ಜಮೀನನ್ನು ಅತಿಕ್ರಮಿಸಿ, ಆಮೇಲೆ ಸ್ವಾಧೀನದ ಹೆಸರಿನಲ್ಲಿ ಒಡೆತನ ಸಾಧಿಸುವಂತಿಲ್ಲ ಎಂದು ನ್ಯಾಯಪೀಠ ಸ್ಪಷ್ಟಪಡಿಸಿತು. ಪಕ್ಕದ ಜಮೀನಿಗೆ ಕೊಟ್ಟ ದರದಲ್ಲೇ ಪರಿಹಾರ ಕೊಡುವಂತೆ ಆದೇಶಿಸಿತು. ತಡವಾಗಿ ಬಂದಿದ್ದಾರೆ ಎಂಬ ಕಾರಣ ನ್ಯಾಯ ನಿರಾಕರಿಸಲು ಸಾಲದು ಎಂದಿತು. 1972–73ರಲ್ಲಿ ಅದೇ ರಾಜ್ಯದ ಇನ್ನೊಂದು ರಸ್ತೆಗೆ ಹೋದ ಜಮೀನಿನ ಬಗ್ಗೆ 2022ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪಿನಲ್ಲೂ ಇದೇ ನಿಲುವು ಮುಂದುವರಿಯಿತು.

ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕಲ್ಲ. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಆದರೆ ಸಂವಿಧಾನದ 300ಎ ವಿಧಿಯ ಪ್ರಕಾರ ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. 2024ರ ಮೇ ತಿಂಗಳ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ವಿಧಿಯೊಳಗೆ ಏಳು ಹಕ್ಕುಗಳಿವೆ ಎಂದು ಬಿಡಿಸಿ ಹೇಳಿತು. ನೋಟಿಸು ಪಡೆಯುವುದು, ಆಕ್ಷೇಪಣೆ ಹೇಳುವುದು, ಕಾರಣಸಹಿತ ತೀರ್ಮಾನ, ಸಾರ್ವಜನಿಕ ಉದ್ದೇಶಕ್ಕೆ ಮಾತ್ರ ಸ್ವಾಧೀನ, ನ್ಯಾಯಯುತ ಪರಿಹಾರ, ವಿಳಂಬವಿಲ್ಲದ ಪ್ರಕ್ರಿಯೆ, ಪ್ರಕ್ರಿಯೆಯ ಪೂರ್ಣ ಮುಕ್ತಾಯ ಇವೇ ಆ ಏಳು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್‌ಗೆ 2003ರಲ್ಲಿ ಅಧಿಸೂಚನೆಯಾದ ಜಮೀನುಗಳಿಗೆ 2019ರವರೆಗೂ ಐತೀರ್ಪು ಆಗಿರಲಿಲ್ಲ. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್, ಹಳೆಯ ಬೆಲೆ ಕೊಟ್ಟರೆ ನ್ಯಾಯವಾಗದು, 2019ರ ಏಪ್ರಿಲ್ 22ರ ಮಾರುಕಟ್ಟೆ ಮೌಲ್ಯದಂತೆ ಪರಿಹಾರ ನಿಗದಿ ಮಾಡಿ ಎಂದು ಆದೇಶಿಸಿತು. ಅದು ಹಳ್ಳಿ ರಸ್ತೆಯಲ್ಲ, ನಿಜ. ಆದರೆ ತಡವಾಗಿ ಬಂದ ಹಣಕ್ಕೆ ಬೆಲೆ ಕಡಿಮೆ ಎಂಬ ತತ್ತ್ವ ಎಲ್ಲ ರಸ್ತೆಗೂ ಒಂದೇ.

ಇನ್ನೊಂದು ಬದಿಯನ್ನೂ ಹೇಳಬೇಕು. ಪೂರ್ಣ ಭೂಸ್ವಾಧೀನದ ಪ್ರಕ್ರಿಯೆ ವರ್ಷಗಟ್ಟಲೆ ಹಿಡಿಯುತ್ತದೆ. ಒಂದೂವರೆ ಕಿಲೋಮೀಟರ್ ರಸ್ತೆಗೆ ಇಷ್ಟೆಲ್ಲ ಮಾಡುತ್ತ ಕುಳಿತರೆ ಮಂಜೂರಾದ ಹಣ ವಾಪಸು ಹೋಗುತ್ತದೆ ಎಂಬ ಎಂಜಿನಿಯರುಗಳ ಅಳಲು ಸುಳ್ಳಲ್ಲ. ಕರ್ನಾಟಕವೂ 2019ರಲ್ಲಿ ತಿದ್ದುಪಡಿ ತಂದು, ಗ್ರಾಮೀಣ ಮೂಲಸೌಕರ್ಯವೂ ಸೇರಿದಂತೆ ಕೆಲವು ಬಗೆಯ ಯೋಜನೆಗಳಿಗೆ ಸಾಮಾಜಿಕ ಪರಿಣಾಮ ಅಧ್ಯಯನದಿಂದ ವಿನಾಯಿತಿ ಕೊಡಲು ಅವಕಾಶ ಮಾಡಿಕೊಂಡಿದೆ. ಅಧ್ಯಯನಕ್ಕೆ ವಿನಾಯಿತಿ ಇರಬಹುದು, ನ್ಯಾಯಯುತ ಪರಿಹಾರಕ್ಕೆ ವಿನಾಯಿತಿ ಇಲ್ಲ.

ಮಕ್ಕಳಿಗೆ ಲಾಭ, ಹೊಲಕ್ಕೆ?

ರಸ್ತೆಯಿಂದ ಮಕ್ಕಳ ಓದಿಗೆ ಲಾಭವಿದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಅಂಜಲಿ ಅಡುಕಿಯಾ, ಸ್ಯಾಮ್ ಆಶರ್ ಮತ್ತು ಪಾಲ್ ನೋವೊಸಾದ್ ಎಂಬ ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿದ ಅಧ್ಯಯನ, ಗ್ರಾಮ ಸಡಕ್ ಯೋಜನೆಯ ರಸ್ತೆ ಬಂದ ಹಳ್ಳಿಗಳಲ್ಲಿ ಮಕ್ಕಳು ಹೆಚ್ಚು ಕಾಲ ಶಾಲೆಯಲ್ಲಿ ಉಳಿದರು, ಪರೀಕ್ಷೆಗಳಲ್ಲಿಯೂ ಮೇಲಾದರು ಎಂದು ತೋರಿಸಿದೆ. ಆದರೆ ಆಶರ್ ಮತ್ತು ನೋವೊಸಾದ್ ಅದೇ ವರ್ಷ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ರಸ್ತೆ ಬಂದು ನಾಲ್ಕು ವರ್ಷವಾದರೂ ಕೃಷಿಯಲ್ಲಿ, ಆದಾಯದಲ್ಲಿ, ಆಸ್ತಿಯಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಜನ ಕೃಷಿ ಬಿಟ್ಟು ಬೇರೆ ದುಡಿಮೆಗೆ ಹೋದದ್ದೇ ಮುಖ್ಯ ಬದಲಾವಣೆ.

ಎರಡನ್ನೂ ಒಟ್ಟಿಗೆ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ರಸ್ತೆ ಖಂಡಿತ ಬೇಕು. ಆದರೆ ‘ರಸ್ತೆ ಬಂದರೆ ಉಳಿದ ಹೊಲದ ಆದಾಯ ತಾನಾಗಿ ಏರುತ್ತದೆ, ಮತ್ತೆ ಪರಿಹಾರ ಏಕೆ?’ ಎಂಬ ವಾದವನ್ನು ಹಾಗೆಯೇ ಒಪ್ಪಲಾಗದು.

ಪಾಲಕರು ಗಮನಿಸಬೇಕಾದದ್ದು

* ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಿ. ಪರಿಹಾರದ ಹಣ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ.
* ಪಹಣಿ, ಕ್ರಯಪತ್ರ, ಋಣಭಾರ ಪತ್ರ, ವಂಶವೃಕ್ಷ, ಸರ್ವೆ ನಕ್ಷೆ ಒಂದೆಡೆ ಇರಲಿ. ಪಾಲು ಆಗಿದ್ದರೆ ಪೋಡಿ ಆಗಿದೆಯೇ ನೋಡಿ.
* ರಸ್ತೆ ಹಾಯುವ ಜಾಗ ಗ್ರಾಮ ನಕ್ಷೆಯಲ್ಲಿ ಮೊದಲೇ ದಾರಿಯೋ ಖರಾಬೋ ಆಗಿದ್ದರೆ ಅದಕ್ಕೆ ಪರಿಹಾರ ಕೇಳಲು ಬರುವುದಿಲ್ಲ. ಗಡಿ ಎಲ್ಲಿದೆ ಎಂಬ ಅನುಮಾನವಿದ್ದರೆ ಕೆಲಸ ಶುರುವಾಗುವ ಮೊದಲೇ ಹದ್ದುಬಸ್ತಿಗೆ ಅರ್ಜಿ ಹಾಕಿ.
* ಮರ, ಬಾವಿ, ಪೈಪ್‌ಲೈನ್, ಕಟ್ಟಡಗಳ ಫೋಟೊ ತೆಗೆದಿಡಿ. ಮಹಜರು ಬರೆಯುವಾಗ ಸ್ಥಳದಲ್ಲಿರಿ. ಓದದೆ ಸಹಿ ಹಾಕಬೇಡಿ.
* 2013ರ ಕಾಯಿದೆಯ ಪ್ರಾಥಮಿಕ ಅಧಿಸೂಚನೆ ಬಂದ 60 ದಿನಗಳ ಒಳಗೆ ಆಕ್ಷೇಪಣೆ ಸಲ್ಲಿಸಬಹುದು.
* ಐತೀರ್ಪಿನ ಮೊತ್ತ ಕಡಿಮೆ ಎನಿಸಿದರೆ ಪ್ರತಿಭಟನೆ ದಾಖಲಿಸಿಯೇ ಹಣ ಪಡೆಯಿರಿ. ಐತೀರ್ಪಿನ ವೇಳೆ ಹಾಜರಿದ್ದವರು ಆರು ವಾರಗಳೊಳಗೆ ಹೆಚ್ಚಿನ ಪರಿಹಾರಕ್ಕೆ ಲಿಖಿತ ಅರ್ಜಿ ಕೊಡಬೇಕು.
* ಜಮೀನಿನ ಪರಿಹಾರ ಮೂರು ತಿಂಗಳೊಳಗೆ, ಪುನರ್ವಸತಿಯ ಹಣ ಆರು ತಿಂಗಳೊಳಗೆ ಸಿಗಬೇಕು. ಪೂರ್ಣ ಹಣ ಕೊಟ್ಟ ಮೇಲೆಯೇ ಜಾಗದ ಸ್ವಾಧೀನ ಎಂಬುದು ಕಾಯಿದೆಯ ಮಾತು.
* ವಕೀಲರ ಶುಲ್ಕ ಕೊಡಲಾಗದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಸಿಗುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಇದಕ್ಕೆ ಅರ್ಹರು.

ವಿದ್ಯಾರ್ಥಿಗಳು ಮಾಡಬಹುದಾದದ್ದು

ಹೈಸ್ಕೂಲು, ಪಿಯುಸಿ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಯೋಜನಾ ಕಾರ್ಯ. ನಿಮ್ಮ ಊರಿನ ಗ್ರಾಮ ನಕ್ಷೆ ತಂದುಕೊಳ್ಳಿ. ಟೇಪು ಹಿಡಿದು ರಸ್ತೆಯ ಅಗಲವನ್ನು ಹತ್ತು ಕಡೆ ಅಳೆಯಿರಿ. ನಕ್ಷೆಯಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಎಂದು ಹೋಲಿಸಿ. ವ್ಯತ್ಯಾಸವಾದ ಜಾಗ ಯಾರದು, ಅವರಿಗೆ ಏನು ಸಿಕ್ಕಿತು ಎಂದು ಕೇಳಿ ಬರೆದುಕೊಳ್ಳಿ. ಗಣಿತ, ಭೂಗೋಳ, ಪೌರನೀತಿ ಮೂರೂ ಒಂದೇ ದಾರಿಯಲ್ಲಿ ಸಿಗುತ್ತವೆ. ಮುಂದೆ ಸಿವಿಲ್ ಎಂಜಿನಿಯರಿಂಗ್, ಕಾನೂನು, ಸಮಾಜಕಾರ್ಯ ಓದಬಯಸುವವರಿಗೆ ಪುನರ್ವಸತಿ ಎಂಬುದು ಒಂದು ಉದ್ಯೋಗ ಕ್ಷೇತ್ರವೂ ಹೌದು. ದೊಡ್ಡ ರಸ್ತೆ ಯೋಜನೆಗಳಲ್ಲಿ ಬಾಧಿತರ ಗಣತಿ ಮಾಡುವ, ಅಹವಾಲು ಕೇಳುವ ತಜ್ಞರ ಅಗತ್ಯವಿದೆ.

ಹಳ್ಳಿಯಲ್ಲಿ ಪಹಣಿ ಓದಬಲ್ಲ, ನೋಟಿಸಿನ ದಿನಾಂಕ ನೋಡಬಲ್ಲ ಮೊದಲ ವ್ಯಕ್ತಿ ಎಷ್ಟೋ ಮನೆಗಳಲ್ಲಿ ಶಾಲೆಗೆ ಹೋಗುವ ಮಗಳು ಅಥವಾ ಮಗನೇ ಆಗಿರುತ್ತಾರೆ. ಹಮೀರ್‌ಪುರದ ಆ ಹಿರಿಯಳ ಮನೆಯಲ್ಲಿ 1967ರಲ್ಲಿ ಅಂಥ ಒಬ್ಬರು ಇದ್ದಿದ್ದರೆ ಆಕೆ ಐವತ್ತು ವರ್ಷ ಕಾಯಬೇಕಾಗುತ್ತಿರಲಿಲ್ಲವೇನೋ. ಮುಂದಿನ ಗ್ರಾಮಸಭೆಯ ಡಂಗುರ ಕೇಳಿದ ದಿನ ಅಪ್ಪ, ಅಮ್ಮನ ಜೊತೆ ನೀವೂ ಹೋಗಿ ಕುಳಿತುಕೊಳ್ಳಿ. ರಸ್ತೆಯ ವಿಷಯ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇಷ್ಟೇ: ಈ ರಸ್ತೆಗೆ ಯಾರ ಜಾಗ ಹೋಗುತ್ತದೆ, ಅವರನ್ನು ಕೇಳಿದ್ದೀರಾ?